ರಾಮನ ಬಟ್ಟಲು ಅಂದುಕೊಂಡಿದ್ದೆವು: ಒಂದು ಬರ್ಮಾ ಬೆಳ್ಳಿ ಬಟ್ಟಲಿನ ರಿಪೇರಿ ದಿನಚರಿ

ಮಳೆಗಾಲ ಮುಗಿಯುವ ಹೊತ್ತಿಗೆ ಶಿರಸಿಯ ನನ್ನ ಅಂಗಡಿಗೆ ಎಂಬತ್ತರ ಹತ್ತಿರದ ಒಬ್ಬ ಅಮ್ಮ ಬಂದರು. ಹಳೇ ಪಂಚೆಯಲ್ಲಿ ಸುತ್ತಿದ್ದ ಗಂಟನ್ನು ಮೇಜಿನ ಮೇಲಿಟ್ಟು, “ತಮ್ಮಾ, ಇದು ನಮ್ಮನೆ ರಾಮನ ಬಟ್ಟಲು. ಸೀಳಿಬಿಟ್ಟಿದೆ. ನೆಟ್ಟಗೆ ಮಾಡಿಕೊಡು” ಅಂದರು.

ಬಿಚ್ಚಿ ನೋಡಿದೆ. ಇಡೀ ಮೈಮೇಲೆ ಉಬ್ಬುಚಿತ್ರ ತುಂಬಿದ ಬೆಳ್ಳಿಯ ಬಟ್ಟಲು. ಬಾಯಿ 22 ಸೆಂಟಿಮೀಟರ್, ಎತ್ತರ 13. ನಮ್ಮ ಕಡೆಯ ಕೆಲಸ ಅಲ್ಲ ಅಂತ ಮುಟ್ಟಿದ ಕೂಡಲೇ ತಿಳಿಯಿತು. ಅವರ ಮಾವನವರು ರಂಗೂನಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರಂತೆ. 1942ರಲ್ಲಿ ಜಪಾನಿಯರು ಬಂದಾಗ ಪ್ರೋಮ್‌ನಿಂದ ಟೌಂಗುಪ್‌ವರೆಗೆ ಅರಾಕಾನ್ ಬೆಟ್ಟದ ದಾರಿ ನಡೆದು, ದೋಣಿ ಹತ್ತಿ, ಚಿತ್ತಗಾಂಗಿಗೆ ಬಂದು ಊರು ಮುಟ್ಟಿದವರು. ಅಮ್ಮನ ಯಜಮಾನರು ಆಗ ಆರು ವರ್ಷದ ಹುಡುಗ. ಹೆಗಲ ಮೇಲೆ ಅವರು, ಗಂಟಿನಲ್ಲಿ ಈ ಬಟ್ಟಲು.

ನಮ್ಮದು ಅಕ್ಕಸಾಲಿಗರ ಮನೆ. ದೇವರ ಕವಚ, ಪ್ರಭಾವಳಿ, ಹಳೇ ಪಾತ್ರೆಗಳ ರಿಪೇರಿ ನನ್ನ ಕೆಲಸ. ಮಾಡಿದ್ದನ್ನು ದಿನದಿನವೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸವಿದೆ. ಕೆಳಗಿನದು ಅದರಿಂದ ತೆಗೆದದ್ದು.

ಮೊದಲ ದಿನ: ತೂಕ, ತೊಳೆ, ನೋಡು

ತೂಕ 826 ಗ್ರಾಂ. ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ರೇ ಯಂತ್ರದಲ್ಲಿ ಇಡಿಸಿದೆ, ಬೆಳ್ಳಿ ನೂರಕ್ಕೆ 91.4 ಬಂತು. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯಲ್ಲಿ ಇದ್ದದ್ದು 91.7. ಬರ್ಮಾದ ಅಕ್ಕಸಾಲಿಗರು ರೂಪಾಯಿ ಕರಗಿಸಿ ಕೆಲಸ ಮಾಡುತ್ತಿದ್ದರು ಅನ್ನುವುದಕ್ಕೆ ಈ ಅಂಕಿ ಚೆನ್ನಾಗಿ ಹೊಂದುತ್ತದೆ. ಆ ದೇಶದಲ್ಲಿ ಸ್ವಂತ ಬೆಳ್ಳಿಯೂ ಇತ್ತು. ಉತ್ತರ ಶಾನ್ ಸೀಮೆಯ ಬಾಡ್ವಿನ್ ಗಣಿಯ ಹೆಸರಿನ ಅರ್ಥವೇ ಬೆಳ್ಳಿಯ ಗುಂಡಿ.

ಅಂಟುವಾಳಕಾಯಿ ನೆನೆಸಿದ ಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆದೆ. ಸಂದಿಗಳಿಂದ ಎಂಬತ್ತು ವರ್ಷದ ಕುಂಕುಮ, ವಿಭೂತಿ ಇಳಿಯಿತು. ಹುಣಸೆಹುಳಿ ಹಾಕಲಿಲ್ಲ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯವನ್ನೂ ಮಾಡಲಿಲ್ಲ. ಸಾದಾ ಲೋಟಕ್ಕೆ ಅದು ಸರಿ. ಉಬ್ಬುಕೆಲಸಕ್ಕೆ ಹಾಗೆ ಮಾಡಿದರೆ ತಗ್ಗಿನ ಕಪ್ಪೆಲ್ಲ ಎದ್ದುಹೋಗಿ, ಆಕೃತಿಗಳು ಹಿನ್ನೆಲೆಯಲ್ಲಿ ಕರಗಿ ಪೇಲವವಾಗುತ್ತವೆ. ಆ ಕಪ್ಪು ಇದ್ದರೇ ಬೆಳ್ಳಿಯ ಮೇಲಿನ ಮುಖಕ್ಕೆ ಮೂಗು ಬರುವುದು.

ತಳದಲ್ಲಿ ಒಂದು ನವಿಲು, ಗರಿ ಬಿಚ್ಚಿ ನಿಂತಿದೆ. ಅದರ ಸುತ್ತ ದುಂಡಕ್ಷರದ ಒಂದು ಸಾಲು. ಬರ್ಮಾದ ಬೆಳ್ಳಿಗೆ ನಮ್ಮ ಹಾಲ್‌ಮಾರ್ಕಿನಂಥ ಮುದ್ರೆ ಇರುವುದಿಲ್ಲ, ಹಾಗಾಗಿ ಇಂಥ ಸಾಲೇ ಆಸರೆ. ಅಂಕಿಗಳನ್ನು ಓದಲು ನನಗೆ ಹೆಚ್ಚು ಕಷ್ಟವಾಗಲಿಲ್ಲ. ಬರ್ಮೀಯರ ಒಂದು, ಎರಡು ನಮ್ಮ ೧, ೨ಕ್ಕೆ ದಾಯಾದಿಗಳ ಹಾಗಿವೆ. ಆ ಲಿಪಿಯ ಮೂಲವನ್ನು ವಿದ್ವಾಂಸರು ದಕ್ಷಿಣ ಭಾರತದ ಪಲ್ಲವ ಅಥವಾ ಕದಂಬ ಲಿಪಿಗೆ ಒಯ್ಯುತ್ತಾರೆ. ಕದಂಬರ ಬನವಾಸಿ ನನ್ನ ಅಂಗಡಿಯಿಂದ ಬಸ್ಸಿನಲ್ಲಿ ಹೋದರೆ ಒಂದು ಗಂಟೆಯ ದಾರಿ. ಕನ್ನಡಕ ಒರೆಸಿಕೊಂಡು ಆ ಸಾಲನ್ನು ಬಹಳ ಹೊತ್ತು ನೋಡುತ್ತ ಕೂತೆ.

ಅಲ್ಲಿ ಎರಡು ಸಂಖ್ಯೆಗಳಿದ್ದವು: 1268 ಮತ್ತು 51. ಬರ್ಮೀಯರ ಶಕೆಗೆ 638 ಕೂಡಿದರೆ ನಮ್ಮ ಇಸವಿ, ಅಂದರೆ 1906. ಐವತ್ತೊಂದು ಅನ್ನುವುದು ತೂಕ ಇರಬೇಕು. ಅವರ ಒಂದು ಚ್ಯಾಟ್ ತೂಕ ಸುಮಾರು 16.33 ಗ್ರಾಂ, ಐವತ್ತೊಂದಕ್ಕೆ 833 ಗ್ರಾಂ ಆಗುತ್ತದೆ. ನನ್ನ ತಕ್ಕಡಿ 826 ಅಂದಿತ್ತು. ನೂರು ವರ್ಷ ಉಜ್ಜಿದರೂ ಏಳೇ ಗ್ರಾಂ ಸವೆದಿದೆಯಲ್ಲ ಅಂತ ಖುಷಿಪಟ್ಟೆ. ಆ ಖುಷಿ ಮೂರನೇ ದಿನದವರೆಗೆ ಮಾತ್ರ ಉಳಿಯಿತು.

ನವಿಲು ಬರ್ಮಾದ ಕೊನೆಯ ರಾಜಮನೆತನವಾದ ಕೊನ್‌ಬೌಂಗ್ ಅರಸರ ಲಾಂಛನ. ಬ್ರಿಟಿಷರು ಅವರ ರಾಜಧಾನಿ ಮಾಂಡಲೆಯನ್ನು ಹಿಡಿದದ್ದು 1885ರ ನವೆಂಬರಿನಲ್ಲಿ. ಥೀಬಾ ದೊರೆಯನ್ನು ಹಡಗು ಹತ್ತಿಸಿ ಕೊನೆಗೆ ರತ್ನಗಿರಿಗೆ ತಂದಿಟ್ಟರು, ಅಲ್ಲಿಯೇ 1916ರಲ್ಲಿ ಆತ ತೀರಿಕೊಂಡ. ಅಂದರೆ ಈ ತಳಕ್ಕೆ ಯಾರೋ ಒಬ್ಬ ಅಕ್ಕಸಾಲಿಗ ನವಿಲನ್ನು ಕೊರೆಯುತ್ತಿದ್ದಾಗ, ಆ ನವಿಲಿನ ಒಡೆಯ ನಮ್ಮ ಇದೇ ಕರಾವಳಿಯ ಮೇಲುಭಾಗದಲ್ಲಿ ಸೆರೆಯಲ್ಲಿ ಕೂತಿದ್ದ. ಅರಮನೆ ಹೋಗಿ ಇಪ್ಪತ್ತು ವರ್ಷವಾಗಿದ್ದರೂ ಕೈ ನವಿಲನ್ನು ಬಿಟ್ಟಿರಲಿಲ್ಲ.

ಎರಡನೇ ದಿನ: ಗಾಯದ ಪಟ್ಟಿ

ಒಂದು ಪಕ್ಕದಲ್ಲಿ ನಾಲ್ಕು ಸೆಂಟಿಮೀಟರ್ ಅಗಲದ ನಗ್ಗು. ನಗ್ಗಿನ ಕೆಳಗಂಚಿನಲ್ಲಿ ಮೂರೂವರೆ ಸೆಂಟಿಮೀಟರ್ ಉದ್ದದ ಬಿರುಕು. ಒಳಗಡೆ ಆ ಬಿರುಕಿನ ಮೇಲೆ ಬೂದುಬಣ್ಣದ ದಪ್ಪ ಗಡ್ಡೆ: ಯಾವುದೋ ಕಾಲದಲ್ಲಿ ಯಾರೋ ಹಾಕಿದ ಸೀಸ-ತವರದ ಬೆಸುಗೆ. ರೇಡಿಯೋದ ತಂತಿಗೆ ಹಾಕುವ ಬೆಸುಗೆಯನ್ನು ಬೆಳ್ಳಿಗೆ ಹಾಕಿದ್ದರು. ಇನ್ನು ಒಬ್ಬ ಮುದುಕನ ಆಕೃತಿಯ ಮೊಣಕಾಲಿನಲ್ಲಿ ಸಾಸಿವೆಯಷ್ಟು ತೂತು, ಅದು ತಿಕ್ಕಿ ತಿಕ್ಕಿ ಆದದ್ದು.

ಬಿರುಕು ಯಾಕೆ ಬಂತು ಅನ್ನುವುದಕ್ಕೆ ಇದನ್ನು ಮಾಡಿದ ಬಗೆ ಗೊತ್ತಿರಬೇಕು. ದಪ್ಪ ಬೆಳ್ಳಿಯ ಬಿಲ್ಲೆಯನ್ನು ಬಡಿದು, ಕಾಯಿಸಿ, ಮತ್ತೆ ಬಡಿದು ಬಟ್ಟಲಾಗಿ ಏಳಿಸುತ್ತಾರೆ. ಅದಕ್ಕೆ ಅರಗು-ರಾಳ ತುಂಬಿ ಹೊರಗಿನಿಂದ ಚಾಣದಲ್ಲಿ ಚಿತ್ರದ ಗೆರೆ ಎಳೆಯುತ್ತಾರೆ. ರಾಳ ಇಳಿಸಿ, ಒಳಗಿನಿಂದ ಬಡಿದು ಆಕೃತಿಗಳನ್ನು ಹೊರಕ್ಕೆ ಉಬ್ಬಿಸುತ್ತಾರೆ. ಮತ್ತೆ ರಾಳ ತುಂಬಿ ಹೊರಗಿನಿಂದ ಕಣ್ಣು, ಉಡುಗೆಯ ಮಡಿಕೆ, ಎಲೆಯ ನರ ತಿದ್ದುತ್ತಾರೆ. ಮಾಂಡಲೆಯಿಂದ ಸ್ವಲ್ಪ ದೂರದ ಸಗೈಂಗಿನ ಬಳಿ ಯ್ವಾಟೌಂಗ್ ಎಂಬ ಹಳ್ಳಿಯಲ್ಲಿ ಇಂದಿಗೂ ಈ ಕೆಲಸ ಉಂಟು. ನಾವು ದೇವರ ಕವಚ ಮಾಡುವ ದಾರಿಯೂ ಹೆಚ್ಚುಕಡಿಮೆ ಇದೇ. ಆದರೆ ಬರ್ಮೀಯರು ಉಬ್ಬಿಸುವ ಎತ್ತರ ನಮಗೆ ದಿಗಿಲು ಹುಟ್ಟಿಸುವಷ್ಟು. ಈ ಬಟ್ಟಲಿನಲ್ಲಿ ಕೆಲವು ತಲೆಗಳು ಹಿನ್ನೆಲೆಯಿಂದ ಒಂದು ಸೆಂಟಿಮೀಟರ್ ಮುಂದೆ ಬಂದಿವೆ. ಹಾಗೆ ಎಳೆದ ಕಡೆ ಬೆಳ್ಳಿ ತೆಳುವಾಗುತ್ತದೆ, ಆಕೃತಿಯ ಬುಡದಲ್ಲಿ ಚಾಣ ಓಡಿದ ಗೆರೆ ಗಡುಸಾಗಿ ಪೆಡಸಾಗುತ್ತದೆ. ಪೆಟ್ಟು ಬಿದ್ದರೆ ಬಿರಿಯುವುದು ಆ ಗೆರೆಯಲ್ಲೇ. ಇಲ್ಲೂ ಹಾಗೇ ಆಗಿತ್ತು.

ಬಟ್ಟಲಿನ ಆಕಾರ ಭಿಕ್ಷುಗಳ ಭಿಕ್ಷಾಪಾತ್ರೆಯದು. ಅವರು ಅದನ್ನು ಥಬೇಕ್ ಅನ್ನುತ್ತಾರೆ. ಭಿಕ್ಷುಗಳಿಗೆ ಬೆಳ್ಳಿ-ಬಂಗಾರ ಮುಟ್ಟುವಂತಿಲ್ಲ, ಹಾಗಾಗಿ ಇದು ಗೃಹಸ್ಥರ ಮನೆಯ ಪಾತ್ರೆ. ರೂಪ ಮಾತ್ರ ಸನ್ಯಾಸಿಯದು. ಬುಡದಲ್ಲಿ ಕಮಲದ ಎಸಳಿನ ಪಟ್ಟಿ, ಬಾಯಿಯ ಕೆಳಗೆ ಬಳ್ಳಿಯ ಪಟ್ಟಿ, ನಡುವೆ ಕಮಾನುಗಳ ಒಳಗೆ ಎಂಟು ದೃಶ್ಯ.

ಮೂರನೇ ದಿನ: ಸೀಸ ಇಳಿಸಿದ್ದು

ಸೀಸ ಬೆಳ್ಳಿಗೆ ಎಂಥ ಶತ್ರು ಅಂತ ಅಪ್ಪಯ್ಯ ನನಗೆ ಚಿಕ್ಕಂದಿನಲ್ಲೇ ಒಂದು ಹಾಳು ಲೋಟದ ಮೇಲೆ ತೋರಿಸಿದ್ದರು. ಎರಡೂ ಕೂಡಿದರೆ ಬರೀ 304 ಡಿಗ್ರಿಯಲ್ಲಿ ಕರಗಲು ಶುರುವಾಗುತ್ತದೆ. ಬೆಳ್ಳಿ ಬೆಸುಗೆಗೆ ಬೇಕಾದದ್ದು 700ರ ಆಸುಪಾಸು. ಸೀಸ ಉಳಿದಿರುವಾಗ ಆ ಬೆಂಕಿ ಹಾಯಿಸಿದರೆ, ಗೆದ್ದಲು ಹಿಡಿದ ಹಲಗೆಯ ಹಾಗೆ ಬೆಳ್ಳಿ ತೂತುತೂತಾಗುತ್ತದೆ. ಮುಂದೆ ಏನೇ ಮಾಡುವುದಿದ್ದರೂ ಮೊದಲು ಇದು ಹೋಗಬೇಕು.

ಬೆಂಕಿಯ ನಾಲಗೆ ಮುಟ್ಟಿಸಲಿಲ್ಲ. ಬಟ್ಟಲನ್ನು ಬಿಸಿ ಮರಳಿನಲ್ಲಿ ಕೂರಿಸಿ ನಿಧಾನವಾಗಿ 150 ಡಿಗ್ರಿಗೆ ತಂದು, ಆಮೇಲೆ ಬಿಸಿಗಾಳಿಯ ಗನ್ನನ್ನು ಗಡ್ಡೆಯ ಮೇಲೆ ಹಿಡಿದೆ. ಅದು ಮಿನುಗಿದ ಕ್ಷಣಕ್ಕೆ ದಪ್ಪ ಹತ್ತಿಬಟ್ಟೆಯಲ್ಲಿ ಒರೆಸಿ ತೆಗೆದೆ. ಇಲ್ಲಿ ಆತುರವೇ ಒಳ್ಳೆಯದು. ಕರಗಿದ ತವರ ನಿಂತಷ್ಟು ಹೊತ್ತೂ ಬೆಳ್ಳಿಯನ್ನು ತಿನ್ನುತ್ತಿರುತ್ತದೆ. ಕಿಟಕಿ-ಬಾಗಿಲು ತೆರೆದು, ಮುಖವಾಡ ಹಾಕಿಕೊಂಡೇ ಮಾಡಿದೆ. ಉಳಿದ ಬೂದು ಪೊರೆಯನ್ನು ಭೂತಗನ್ನಡಿಯ ಕೆಳಗೆ ಹೆರೆಯುವ ಉಳಿಯಲ್ಲಿ ಕೂದಲೆಳೆಯಷ್ಟಾಗಿ ಕೆರೆದೆ. ಅದಕ್ಕೇ ಇಡೀ ಮಧ್ಯಾಹ್ನ ಹೋಯಿತು. ಕೆರೆದ ಪುಡಿಯನ್ನು ಕಸಕ್ಕೆ ಹಾಕಲಿಲ್ಲ, ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ.

ಒಂದು ತಪ್ಪು ಮಾಡಿದೆ. ಒರೆಸುವಾಗ ಕೈ ಜೋರಾಗಿ, ಬಿರುಕು ಮೂರು ಮಿಲಿಮೀಟರ್ ಮುಂದೆ ಓಡಿತು. ಮೊದಲೇ ಬಿರುಕಿನ ಎರಡೂ ತುದಿಗೆ ಅರ್ಧ ಮಿಲಿಮೀಟರಿನ ತೂತು ಹಾಕಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಹಾಕಿದೆ. ಮುಂದಿನವರು ಮೊದಲೇ ಹಾಕಿ.

ಸಂಜೆ ಮತ್ತೆ ತೂಗಿದೆ: 798. ಇಪ್ಪತ್ತೆಂಟು ಗ್ರಾಂ ಬರೀ ಸೀಸ-ತವರ. ಹಾಗಾದರೆ ಸವೆದ ಬೆಳ್ಳಿ ಏಳು ಗ್ರಾಂ ಅಲ್ಲ, ಮೂವತ್ತೈದು. ಹೊರಮೈಗೆ ಹಂಚಿ ಲೆಕ್ಕ ಹಾಕಿದರೆ ಸುಮಾರು ಅರ್ಧ ಕೂದಲಿನ ದಪ್ಪ. ಕೇಳಲು ಕಡಿಮೆ ಅನಿಸುತ್ತದೆ, ಆದರೆ ಸವೆತ ಎಲ್ಲ ಕಡೆ ಸಮನಾಗಿ ಆಗುವುದಿಲ್ಲವಲ್ಲ. ಎದ್ದು ನಿಂತದ್ದೇ ಸವೆಯುವುದು: ಮೂಗು, ಮೊಣಕಾಲು, ಕಿರೀಟದ ತುದಿ. ಪ್ರತಿ ಹಬ್ಬಕ್ಕೂ ವಿಭೂತಿ ಹಾಕಿ ತಿಕ್ಕಿದ ಪ್ರೀತಿ ಆ ಮುಖಗಳ ಮೂಗನ್ನು ಅಳಿಸಿತ್ತು.

ಐದನೇ ದಿನ: ನಗ್ಗು ಎತ್ತಲು ಹೋಗಿ ನಿಂತದ್ದು

ನಗ್ಗು ಇದ್ದದ್ದು ಒಂದು ಕಮಲದ ಕೊಳದ ದೃಶ್ಯದಲ್ಲಿ. ಪಂಪಾ ಸರೋವರ ಅಂತ ಅಮ್ಮ ಹೇಳಿದ್ದರು, ನಾನೂ ಒಪ್ಪಿದ್ದೆ. ಕಾಡು, ರಾಜಕುಮಾರ, ರಾಜಕುಮಾರಿ, ಜಿಂಕೆ, ಪರ್ಣಕುಟಿ, ಇನ್ನೇನು ಬೇಕು? ಬರ್ಮೀಯರಿಗೂ ರಾಮಾಯಣ ಉಂಟು. 1767ರಲ್ಲಿ ಅವರು ಅಯುತ್ಥಯ ನಗರವನ್ನು ಗೆದ್ದಾಗ ಸಯಾಮಿನ ಕಲಾವಿದರ ಜೊತೆ ಅವರ ಆಸ್ಥಾನಕ್ಕೆ ರಾಮನಾಟಕ ಬಂತು. ಬೆಳ್ಳಿಯ ಮೇಲೂ ರಾಮನ ಕಥೆ ಸಿಗುತ್ತದೆ. ಹಾಗಾಗಿ ನಮ್ಮ ಊಹೆ ಬುಡವಿಲ್ಲದ್ದಲ್ಲ.

ನಗ್ಗಿನ ಪಕ್ಕದಲ್ಲಿ ಎಲೆಗಳ ನಡುವೆ ಎರಡು ದುಂಡು ಉಬ್ಬುಗಳಿದ್ದವು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡವು. ಹಿಂದೆ ಸೀಸ ಹಾಕಿದವರು ಒಳಗಿನಿಂದ ಎಡವಟ್ಟಾಗಿ ಗುದ್ದಿ ಎಬ್ಬಿಸಿದ ಉಬ್ಬು ಅಂದುಕೊಂಡೆ. ನಗ್ಗನ್ನು ಹೊರಕ್ಕೆ ತಳ್ಳುವುದು, ಈ ಎರಡು ಉಬ್ಬುಗಳನ್ನು ಹೊರಗಿನಿಂದ ಮರದ ಕೊಡತಿಯಲ್ಲಿ ತಟ್ಟಿ ಎಲೆಯ ಮಟ್ಟಕ್ಕೆ ಕೂರಿಸುವುದು. ಇದು ನನ್ನ ಯೋಜನೆ. ರಾಳ, ಇಟ್ಟಿಗೆ ಪುಡಿ, ಎಣ್ಣೆ ಕಾಯಿಸಿಯೂ ಆಗಿತ್ತು.

ಕೊಡತಿ ಎತ್ತುವ ಮೊದಲು ಭೂತಗನ್ನಡಿಯಲ್ಲಿ ಒಮ್ಮೆ ನೋಡಿದೆ. ಎಡಗಡೆಯ ಉಬ್ಬಿನ ಮೇಲೆ ಎರಡು ಸಣ್ಣ ಗೆರೆ. ಕಣ್ಣು. ಮುಚ್ಚಿದ ಕಣ್ಣು. ಬಲಗಡೆಯದಕ್ಕೆ ಜುಟ್ಟಿನ ಗಂಟು. ನೀರಿನಲ್ಲಿ ಕುತ್ತಿಗೆವರೆಗೆ ನಿಂತು, ತಲೆಯ ಮೇಲೆ ಕಮಲದ ಎಲೆ ಹೊದ್ದ ಇಬ್ಬರು ಮಕ್ಕಳು.

ಕೊಡತಿ ಕೆಳಗಿಟ್ಟೆ. ಆ ದಿನ ಮತ್ತೆ ಬಟ್ಟಲು ಮುಟ್ಟಲಿಲ್ಲ.

ವನವಾಸದ ರಾಮನಿಗೆ ಮಕ್ಕಳೆಲ್ಲಿ? ಲವ-ಕುಶರಿರಬಹುದೇ, ಕೋಲು ಹಿಡಿದ ಮುದುಕ ವಾಲ್ಮೀಕಿಯೇ ಅಂತಲೂ ಯೋಚಿಸಿದೆ. ಆದರೆ ಆ ಮುದುಕನಿಗೆ ಡೊಳ್ಳುಹೊಟ್ಟೆ, ಗೂನುಬೆನ್ನು, ಹೆಗಲಲ್ಲಿ ಜೋಳಿಗೆ. ಹಿಂದಿನ ಕಮಾನಿನಲ್ಲಿ ಅವನೇ ಮರ ಹತ್ತಿ ಕೂತಿದ್ದಾನೆ, ಕೆಳಗೆ ನಾಯಿಗಳು ಬೊಗಳುತ್ತಿವೆ, ಪಕ್ಕದಲ್ಲಿ ಬಿಲ್ಲು ಹಿಡಿದ ಬೇಟೆಗಾರ. ನಾಯಿಗೆ ಹೆದರಿ ಮರ ಹತ್ತುವ ವಾಲ್ಮೀಕಿ ಇಲ್ಲ. ಇವನು ಜೂಜಕ. ಕಥೆ ವೆಸ್ಸಂತರ ಜಾತಕ, ಬುದ್ಧನ ಹಿಂದಿನ ಜನ್ಮಗಳ ಕಥೆಗಳಲ್ಲಿ ಒಂದು.

ಬುದ್ಧ ಸಿದ್ಧಾರ್ಥನಾಗಿ ಹುಟ್ಟುವ ಮೊದಲಿನ ಕೊನೆಯ ಮನುಷ್ಯ ಜನ್ಮ ವೆಸ್ಸಂತರನದು. ಕೇಳಿದ್ದನ್ನು ಇಲ್ಲ ಅನ್ನದ ರಾಜಕುಮಾರ. ಮಳೆ ತರುವ ಬಿಳಿ ಆನೆಯನ್ನು ಕಳಿಂಗದ ಬ್ರಾಹ್ಮಣರಿಗೆ ಕೊಟ್ಟುಬಿಡುತ್ತಾನೆ, ಊರವರು ರೊಚ್ಚಿಗೆದ್ದು ಕಾಡಿಗೆ ಅಟ್ಟಿಸುತ್ತಾರೆ. ದಾರಿಯಲ್ಲಿ ಕುದುರೆ ಕೇಳಿದವರಿಗೆ ಕುದುರೆ, ರಥ ಕೇಳಿದವರಿಗೆ ರಥ. ಮಗ ಜಾಲಿಯನ್ನು ತಾನು, ಮಗಳು ಕಣ್ಹಾಜಿನೆಯನ್ನು ಹೆಂಡತಿ ಮದ್ದಿ ಎತ್ತಿಕೊಂಡು ನಡೆಯುತ್ತಾರೆ. ಆಶ್ರಮಕ್ಕೆ ಜೂಜಕ ಬಂದು ಮಕ್ಕಳನ್ನೇ ಕೇಳುತ್ತಾನೆ, ತನ್ನ ಎಳೆಯ ಹೆಂಡತಿಯ ಚಾಕರಿಗೆ. ಮಕ್ಕಳು ಹೆದರಿ ಕೊಳಕ್ಕಿಳಿದು ಕಮಲದೆಲೆಯಡಿ ಅಡಗುತ್ತಾರೆ. ತಂದೆ ಹೋಗಿ ಕರೆಯುತ್ತಾನೆ. ಅವರು ಬರುತ್ತಾರೆ. ಹರಿಶ್ಚಂದ್ರ, ಚಂದ್ರಮತಿ, ಲೋಹಿತಾಶ್ವರ ಕಥೆ ಕೇಳಿ ಬೆಳೆದ ನಮಗೆ ಇದು ದೂರದ್ದಲ್ಲ. ಆದರೂ ಆ ಕೊಳದ ದಡದ ಕ್ಷಣವನ್ನು ನನ್ನಿಂದ ಸುಲಭವಾಗಿ ದಾಟಲಾಗುವುದಿಲ್ಲ.

ಕಥೆ ಗೊತ್ತಾದ ಮೇಲೆ ಉಳಿದ ಕಮಾನುಗಳು ತಾವಾಗಿಯೇ ಬಾಯಿಬಿಟ್ಟವು. ಆನೆಯ ದೃಶ್ಯದಲ್ಲಿ ರಾಜಕುಮಾರನ ಕೈಯಲ್ಲಿ ಗಿಂಡಿ: ಧಾರೆ ಎರೆದೇ ದಾನ ಕೊಡುತ್ತಿದ್ದಾನೆ, ನಮ್ಮ ಹಾಗೆಯೇ. ಮದ್ದಿಯ ದಾರಿಗೆ ಅಡ್ಡ ಮಲಗಿದ ಸಿಂಹ, ಹುಲಿ, ಚಿರತೆ ನಿಜವಾದ ಮೃಗಗಳಲ್ಲ, ಮಕ್ಕಳು ದೂರ ಹೋಗುವ ತನಕ ತಾಯಿಯನ್ನು ತಡೆಯಲು ಬಂದ ದೇವತೆಗಳು. ಹೆಂಡತಿಯನ್ನೂ ಕೇಳಿ, ಪಡೆದು, ಹಿಂದಿರುಗಿಸುವ ಬ್ರಾಹ್ಮಣ ನಮ್ಮ ಇಂದ್ರನೇ, ಪಾಲಿ ಭಾಷೆಯಲ್ಲಿ ಸಕ್ಕ ಅನ್ನುತ್ತಾರೆ. ಕೊನೆಯದರಲ್ಲಿ ಎಲ್ಲರೂ ಮತ್ತೆ ಸೇರಿದ್ದಾರೆ. ಕಥೆ ಶಿಬಿ ದೇಶದ್ದು, ವೇಷ ಮಾತ್ರ ಪೂರ್ತಿ ಮಾಂಡಲೆಯದು. ಗೋಪುರದಂಥ ಕಿರೀಟ, ಹೆಗಲಿನಿಂದ ಬೆಂಕಿಯ ನಾಲಗೆಯ ಹಾಗೆ ಮೇಲೇಳುವ ಉಡುಪಿನ ಅಂಚು, ಅರಸುತನದ ಬೆಳ್ಗೊಡೆ. ಮನೆಯ ಮೇಲೆ ಅಂತಸ್ತು ಅಂತಸ್ತಾಗಿ ಏರುವ ಛಾವಣಿಗೆ ಅವರು ಪ್ಯಾಥಟ್ ಅನ್ನುತ್ತಾರೆ. ಮೂಲದಲ್ಲಿ ಅದು ನಮ್ಮ ಪ್ರಾಸಾದ ಅನ್ನುವ ಮಾತೇ. ಅಂತಸ್ತುಗಳ ಸಂಖ್ಯೆ ಯಾವಾಗಲೂ ಬೆಸ. ಇಲ್ಲಿ ಐದಿದ್ದವು. ಮರದ ಮಾಂಡಲೆ ಅರಮನೆ 1945ರ ಮಾರ್ಚಿನ ಯುದ್ಧದಲ್ಲಿ ಸುಟ್ಟುಹೋಯಿತು. ಕಲ್ಕತ್ತೆಯ ಮ್ಯೂಸಿಯಮ್ಮಿಗೆ ಒಯ್ದಿದ್ದ ಕಾರಣ ಒಂದು ಸಿಂಹಾಸನ ಮಾತ್ರ ಉಳಿದು, 1948ರಲ್ಲಿ ಬರ್ಮಾಕ್ಕೆ ಮರಳಿತು. ಆ ಛಾವಣಿಗಳ ಹೆಬ್ಬೆರಳಗಲದ ಒಂದು ಪ್ರತಿ ನನ್ನ ಮೇಜಿನ ಮೇಲಿತ್ತು.

ಎಂಟನೇ ದಿನ: ಬೆಂಕಿ ಬೇಡ

ನಗ್ಗನ್ನು ಕಾಯಿಸದೆಯೇ ಎತ್ತಿದೆ. ಹೊರಗೆ ಮಕ್ಕಳ ತಲೆಯ ಸುತ್ತ ಮೆತ್ತನೆಯ ಮೇಣ ಕೊಟ್ಟು, ಒಳಗಿನಿಂದ ಹುಣಸೆ ಕಟ್ಟಿಗೆಯ ಮೊಂಡು ತುದಿಯಲ್ಲಿ ಒತ್ತಿದೆ. ಬಡಿಯಲಿಲ್ಲ, ಒತ್ತಿದ್ದಷ್ಟೇ. ಒತ್ತು, ನೋಡು, ಬಿಡು. ಮೂರು ದಿನ ಹಿಡಿಯಿತು. ಪೂರ್ತಿ ಬರಲಿಲ್ಲ, ಒಂದು ಮಿಲಿಮೀಟರಿನಷ್ಟು ತಗ್ಗು ಉಳಿದಿದೆ. ಇನ್ನೂ ಒತ್ತಿದರೆ ಬಿರಿಯುತ್ತದೆ ಅಂತ ಕೈ ಹೇಳಿತು, ನಿಲ್ಲಿಸಿದೆ.

ಬಿರುಕಿಗೆ ಬೆಳ್ಳಿ ಬೆಸುಗೆ ಹಾಕುವುದೇ ನಮ್ಮ ಕುಲದ ದಾರಿ. ಬಿಳಿಗಾರ ಹಚ್ಚು, ಬೆಸುಗೆಯ ತುಣುಕಿಡು, ಊದು. ಆದರೆ ಎಲ್ಲ ಲೋಹಗಳಲ್ಲಿ ಬಿಸಿಯನ್ನು ಅತಿ ವೇಗವಾಗಿ ಹರಿಸುವುದು ಬೆಳ್ಳಿ. ಬಿರುಕಿನ ಜಾಗವನ್ನು ಮಾತ್ರ ಕಾಯಿಸುತ್ತೇನೆ ಅಂದರೆ ಅದು ಕೇಳುವುದಿಲ್ಲ, ಇಡೀ ಬಟ್ಟಲು ಕೆಂಪಗಾಗಬೇಕು. ಅದೇ ಮಟ್ಟದ ಒಂದು ತಗಡಿನ ತುಂಡಿನ ಮೇಲೆ ಮಾಡಿ ನೋಡಿದೆ. ಒಂದು ಮೂಲೆಗೆ ಬೆಸುಗೆ ಹಾಕುವಷ್ಟರಲ್ಲಿ ತುಂಡೆಲ್ಲ ಮಸಿಯಾಯಿತು. ಅದನ್ನು ಹುಳಿಯಲ್ಲಿ ಬಿಡಿಸಿದರೆ ತಾಮ್ರದ ಕಲೆ ಉಳಿಯಿತು, ಕಲೆ ತೆಗೆಯಲು ಉಜ್ಜಬೇಕಾಯಿತು. ಮೂಗು ಕಳೆದುಕೊಂಡ ಆ ಮುಖಗಳನ್ನು ನಾನು ಮತ್ತೆ ಉಜ್ಜುವುದೇ? ಸಂದಿಯಲ್ಲಿ ಅಳಿದುಳಿದ ಸೀಸ ಇದ್ದರೆ ಮಕ್ಕಳ ತಲೆಯ ಬುಡವೇ ತೂತಾಗುವ ಭಯ ಬೇರೆ.

ಆದ್ದರಿಂದ ಮ್ಯೂಸಿಯಮ್ಮಿನವರ ದಾರಿ ಹಿಡಿದೆ. 0.2 ಮಿಲಿಮೀಟರ್ ದಪ್ಪದ ಶುದ್ಧ ಬೆಳ್ಳಿಯ ತಗಡನ್ನು ಕತ್ತರಿಸಿ, ಒಳಮೈಯ ಏರುತಗ್ಗಿಗೆ ಸರಿಯಾಗಿ ಅಗೇಟು ಕಲ್ಲಿನಿಂದ ತಿಕ್ಕಿ ಕೂರಿಸಿದೆ. ಶುದ್ಧ ಬೆಳ್ಳಿ ಮೇಣದಂತೆ ಮಾತು ಕೇಳುತ್ತದೆ. ಅದನ್ನು ಪ್ಯಾರಲಾಯ್ಡ್ ಬಿ-72 ಎಂಬ ಅಂಟಿನಿಂದ ಒಳಗಡೆ ಹಿಡಿಸಿದೆ. ಅದು ಅಸಿಟೋನಿನಲ್ಲಿ ಯಾವಾಗ ಬೇಕಾದರೂ ಬಿಡುತ್ತದೆ. ಹೊರಗಿನಿಂದ ಬಿರುಕು ಕಾಣುತ್ತದೆ, ಕೂದಲಿನಂಥ ಗೆರೆ. ಮುಚ್ಚಲು ಹೋಗಲಿಲ್ಲ. ಜೂಜಕನ ಮೊಣಕಾಲಿನ ತೂತನ್ನೂ ಹಾಗೇ ಬಿಟ್ಟೆ. ನನ್ನ ಕಸುಬಿನವರು ಇದನ್ನು ಅರೆಕೆಲಸ ಅನ್ನಬಹುದು. ಈ ಬಟ್ಟಲಿಗೆ ಇದೇ ಪೂರ್ತಿ ಕೆಲಸ ಅಂತ ನನಗೆ ಖಾತ್ರಿಯಿದೆ.

ಹದಿನಾರನೇ ದಿನ: ಒಪ್ಪಿಸಿದ್ದು

ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಎದ್ದ ಜಾಗಗಳನ್ನು ಮಾತ್ರ ಹಗುರವಾಗಿ ಒರೆಸಿದ್ದೆ. ಅಮ್ಮ ಬಂದು ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರು.

“ಅಮ್ಮಾ, ಒಂದು ಮಾತು. ಇದು ರಾಮನ ಕಥೆ ಅಲ್ಲ” ಅಂದೆ. ಕೂರಿಸಿ, ಒಂದೊಂದೇ ಕಮಾನು ತಿರುಗಿಸುತ್ತ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಕೊಳದ ಹತ್ತಿರ ಬಂದಾಗ ಮಾತ್ರ, “ಕೊಟ್ಟೇ ಬಿಟ್ಟನಾ?” ಅಂತ ಕೇಳಿದರು.

“ಕೊಟ್ಟ. ಆಮೇಲೆ ಅಜ್ಜ ಬಿಡಿಸಿಕೊಂಡ. ಕೊನೆಗೆ ಎಲ್ಲ ಸೇರುತ್ತಾರೆ.”

ಅವರು ಹಿಂದಕ್ಕೆ ತಿರುಗಿಸಿ, ಅಪ್ಪ ಮಗನನ್ನು ಎತ್ತಿಕೊಂಡು ನಡೆಯುವ ಕಮಾನಿಗೆ ಬಂದರು. ಹುಡುಗನ ಕಾಲು ಅಪ್ಪನ ಸೊಂಟದ ಕೆಳಗೆ ಜೋತಾಡುತ್ತಿರುವುದನ್ನು ಆ ಅಕ್ಕಸಾಲಿಗ ಎರಡೇ ಪೆಟ್ಟಿನಲ್ಲಿ ತೋರಿಸಿದ್ದಾನೆ. “ನಮ್ಮನೆಯವರು ಹೇಳ್ತಿದ್ದರು, ಬೆಟ್ಟದ ದಾರಿಯಲ್ಲಿ ಕಾಲು ಜೋಮು ಹಿಡೀತಿತ್ತು, ಆದರೆ ಇಳಿಸು ಅನ್ನೋಕೆ ಹೆದರಿಕೆ ಆಗ್ತಿತ್ತು, ಅಂತ” ಅಂದರು. ಅಲ್ಲಿಂದ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. “ಇರಲಿ ತಮ್ಮಾ, ದೇವರ ಮುಂದೇ ಇಡ್ತೇನೆ. ಈ ಬದಿ ಮುಂದೆ ಮಾಡಿ.”

ಹೇಳಬೇಕಾದದ್ದು ಹೇಳಿದೆ: ವಿಭೂತಿ ಬೇಡ, ಟೂತ್‌ಪೇಸ್ಟ್ ಬೇಡ, ಉಪ್ಪು-ಹುಳಿ ಬೇಡ. ನೀರು ತುಂಬಬಾರದು, ಹೂವಿಟ್ಟರೆ ಸಾಕು. ಅಂಟು ನಲವತ್ತು ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ದೀಪದ ಬುಡದಲ್ಲಿ, ಬಿಸಿಲಲ್ಲಿ ಇಡಬಾರದು. ಎತ್ತಿಡುವಾಗ ಹತ್ತಿಬಟ್ಟೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಬೇಡಿ. ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಕೊನೆಗೆ ಒಂದು ಚೀಟಿ ಬರೆದು ಬಟ್ಟಲಿನೊಳಗೆ ಇಟ್ಟೆ: ‘ವೆಸ್ಸಂತರ ಜಾತಕ. ಬರ್ಮಾ, ಶಕೆ 1268. ತಳದಲ್ಲಿ ಬರೆದ ತೂಕ 51 ಚ್ಯಾಟ್. ಈಗಿನ ತೂಕ ತೇಪೆ ಸೇರಿ 801 ಗ್ರಾಂ. ಬೆಂಕಿ ಮುಟ್ಟಿಸಿಲ್ಲ. ಒಳಗಿನ ತೇಪೆ ಅಸಿಟೋನಿನಲ್ಲಿ ಬಿಡುತ್ತದೆ. ಕೊಳದಲ್ಲಿರುವ ಎರಡು ಉಬ್ಬುಗಳು ಮಕ್ಕಳು, ತಟ್ಟಬೇಡಿ.’